ಕತ್ತರಿ ತಾಗಿಸದೆ ಬಿಡಿಸಿದ ಸಿಕ್ಕು

ಎರಡು ದಿನದ ವ್ಯಾಪಾರ, ಮೂರು ಕುಡ್ತೆ ತೆಂಗಿನೆಣ್ಣೆ, ಮೂವತ್ತೆಂಟು ಗೋಲಿ ಮತ್ತು ಒಂದು ಕೊಂಬಿನ ಬಾಚಣಿಗೆ. ನನ್ನ ತಂಗಿಯ ಮಗನ ತಲೆಯಲ್ಲಿ ಬಿದ್ದ ಒಂದೇ ಒಂದು ಸಿಕ್ಕನ್ನು ಬಿಡಿಸಲು ನನಗೆ ತಗಲಿದ ಖರ್ಚು ಇದು. ಬಾಚಣಿಗೆಗೇ ಆ ಕಾಲದಲ್ಲಿ ಮೂರು ರೂಪಾಯಿ. ಕೇಳಿದವರು ನಕ್ಕಿದ್ದಾರೆ. ನಗಲಿ. ನನ್ನ ಪೆಟ್ಟಿಗೆಯಲ್ಲಿ ಮಾರಲೆಂದೇ ಇಟ್ಟ ಹೊಸ ಕತ್ತರಿ ಇತ್ತು. ಕಚಕ್ ಎಂದು ಒಮ್ಮೆ ಆಡಿಸಿದ್ದರೆ ಬಿಡಿಕಾಸಿನ ಖರ್ಚಿಲ್ಲದೆ ಕೆಲಸ ಮುಗಿಯುತ್ತಿತ್ತು. ಆದರೆ ಆ ಕೂದಲಿಗೆ ಕತ್ತರಿ ತಾಗಿಸುವ ಹಾಗಿರಲಿಲ್ಲ. ಅದನ್ನು ದೇವರಿಗೆ ಹೇಳಿಕೊಂಡಾಗಿತ್ತು.

ನಾನು ಆಗ ಬಾಚಣಿಗೆ ಮಾರುತ್ತಿದ್ದೆ. ಬರೀ ಬಾಚಣಿಗೆಯಲ್ಲ, ರಿಬ್ಬನ್ನು, ಕನ್ನಡಿ, ಕಾಡಿಗೆ, ತುರುಬಿಗೆ ಸಿಕ್ಕಿಸುವ ಕಡ್ಡಿ, ಜಡೆ ಉದ್ದ ಕಾಣಿಸಲು ಸೇರಿಸಿ ಹೆಣೆಯುವ ಚೌರಿ, ಮಕ್ಕಳಿಗೆ ಗೋಲಿ. ಹತ್ತೊಂಬತ್ತನೆಯ ವಯಸ್ಸಿಗೆ ಒಂದು ಮರದ ಪೆಟ್ಟಿಗೆ ಹೊತ್ತು ಹೊರಟವನು ನಾನು. ಅರುವತ್ತರ ದಶಕ ಹಿಡಿಯುವಾಗ ಬಂಟ್ವಾಳದಿಂದ ಬೆಳ್ತಂಗಡಿಗೆ, ಮೂಡಬಿದ್ರೆಗೆ ಹೋಗುವ ಪ್ರತಿ ಬಸ್ಸಿನ ಕಂಡಕ್ಟರನಿಗೂ ನನ್ನ ಪೆಟ್ಟಿಗೆಯ ಪರಿಚಯವಿತ್ತು. ಪೆಟ್ಟಿಗೆಗೆ ಲಗೇಜು ಕೊಡದೆ ಸಾಗಿಸಿದ್ದೇ ನನ್ನ ಮೊದಲ ಲಾಭ. ಯಾವ ಊರಿನ ಹೆಂಗಸರು ಯಾವ ಬಣ್ಣದ ರಿಬ್ಬನ್ನು ಕೇಳುತ್ತಾರೆ, ಯಾರು ಮೂರು ಸಲ ಎದ್ದು ಹೋಗಿ ನಾಲ್ಕನೆಯ ಸಲ ಕೊಳ್ಳುತ್ತಾರೆ, ಎಲ್ಲ ನನಗೆ ಬಾಯಿಪಾಠ. ವ್ಯಾಪಾರ ಮುಗಿದ ಮೇಲೆ ತಲೆಗೂದಲಿನ ಬಗ್ಗೆ ನಾಲ್ಕು ಬುದ್ಧಿಮಾತು ಹೇಳಿಯೇ ಪೆಟ್ಟಿಗೆ ಮುಚ್ಚುತ್ತಿದ್ದೆ. ಅಷ್ಟೆಲ್ಲ ಹೇಳುತ್ತಿದ್ದವನು ಅಲ್ಲಿಯವರೆಗೆ ಒಂದು ಮಗುವಿನ ತಲೆಯನ್ನೂ ಬಾಚಿರಲಿಲ್ಲ ಎಂಬುದನ್ನು ಮಾತ್ರ ಯಾರೂ ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ.

ಮನೆಯಲ್ಲಿ ನಾವು ನಾಲ್ವರು: ಅಮ್ಮ, ನಾನು, ತಂಗಿ, ಅವಳ ಮಗ. ಭಾವ, ಅಂದರೆ ತಂಗಿಯ ಗಂಡ, ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಹುಡುಗನಿಗೆ ವರ್ಷ ತುಂಬುವ ಮೊದಲೇ ಜ್ವರ ಬಂದು, ಹನ್ನೊಂದು ದಿನ ಕಣ್ಣು ಬಿಟ್ಟಿರಲಿಲ್ಲ. ಆಗ ಅಮ್ಮ ಬೆಳ್ತಂಗಡಿಯ ಆಚೆಗಿನ ಕ್ಷೇತ್ರದ ದೇವರಿಗೆ ಹರಕೆ ಹೇಳಿಕೊಂಡಳು: ಮಗು ಬದುಕಿದರೆ ಅವನ ತಲೆಗೆ ಕತ್ತರಿ ತಾಗಿಸದೆ ಬೆಳೆಸಿ, ತಂದೆ ತಾಯಿ ಇಬ್ಬರೂ ಕೂತು ಆ ಮುಡಿಯನ್ನು ದೇವರ ಬಾಗಿಲಲ್ಲಿ ಒಪ್ಪಿಸುತ್ತಾರೆ. ಮಗು ಬದುಕಿತು. ಮುಡಿ ಒಪ್ಪಿಸಲು ತಂದೆ ಬರಬೇಕಲ್ಲ? ಒಂದು ವರ್ಷ ರಜೆ ಸಿಗಲಿಲ್ಲ. ಮರುವರ್ಷ ಬಂದರು, ಆಗ ಮನೆಯಲ್ಲಿ ಸೂತಕ. ಮತ್ತೆರಡು ವರ್ಷ ಬರಲಾಗಲಿಲ್ಲ. ಕೂದಲು ಯಾರ ರಜೆಯನ್ನೂ ಕಾಯುವುದಿಲ್ಲ. ಹುಡುಗನಿಗೆ ಐದು ತುಂಬುವಾಗ ಅದು ಸೊಂಟಕ್ಕೆ ಬಂದಿತ್ತು.

ಗಂಡುಹುಡುಗನ ತಲೆಯಲ್ಲಿ ಸೊಂಟದವರೆಗೆ ಕೂದಲು! ಮರ ಹತ್ತುವವನು, ಮಣ್ಣಲ್ಲಿ ಹೊರಳುವವನು, ಬೈಹುಲ್ಲಿನ ಮೇಲೆ ಮಲಗುವವನು. ಸಂಜೆಗೆ ಅವನ ತಲೆಯಲ್ಲಿ ಕಡ್ಡಿ, ಹುಲ್ಲು, ಅಂಟುಕಾಯಿ ಎಲ್ಲ ಸಿಗುತ್ತಿತ್ತು. ತಂಗಿ ಬಾಚಣಿಗೆಯನ್ನು ನೆತ್ತಿಯಲ್ಲಿ ಊರಿ ಕೆಳಕ್ಕೆ ಎಳೆಯುವಳು, ಅದು ಕುತ್ತಿಗೆಯ ಹತ್ತಿರ ಸಿಕ್ಕಿಕೊಳ್ಳುವುದು, ಇವನು ಬೀದಿಯ ತುದಿಗೆ ಕೇಳುವ ಹಾಗೆ ಬೊಬ್ಬೆ ಹಾಕುವನು. ನಾನು ಜಗಲಿಯಲ್ಲಿ ಕೂತು ಸಲಹೆ ಕೊಡುತ್ತಿದ್ದೆ.

"ಗಟ್ಟಿಯಾಗಿ ಎಳಿ ಮಾರಾಯ್ತಿ. ಬಾಚಣಿಗೆ ಒಳ್ಳೆಯದು, ನಾನು ತಂದದ್ದು."

"ಅಣ್ಣ, ನೀನು ಬಂದು ಎಳಿ. ಇಲ್ಲದಿದ್ರೆ ಬಾಯಿ ಮುಚ್ಚು."

ನಾನು ಬಾಯಿ ಮುಚ್ಚುತ್ತಿದ್ದೆ. ಆ ಬಾಚಣಿಗೆ ಆಗಷ್ಟೇ ಪೇಟೆಗೆ ಬಂದಿದ್ದ ಪ್ಲಾಸ್ಟಿಕ್ಕಿನದು. ನಾಲ್ಕಾಣೆ. ಹೂವಿನ ಬಣ್ಣ. ಬಿಸಿ ದೋಸೆಯ ಹಾಗೆ ಖರ್ಚಾಗುತ್ತಿತ್ತು. ಅದರಿಂದಾಗಿಯೇ ಮಂಗಳೂರಿನಿಂದ ತಂದ ಎರಡು ಕೊಂಬಿನ ಬಾಚಣಿಗೆಗಳು ವರ್ಷವಾದರೂ ನನ್ನ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದವು.

ಆ ವರ್ಷದ ಬೇಸಗೆಯಲ್ಲಿ ಬೊಂಬಾಯಿಯಿಂದ ಕಾಗದ ಬಂತು. ಭಾವನಿಗೆ ಹದಿನೈದು ದಿನ ರಜೆ. ಬಂದ ಮೂರನೆಯ ದಿನಕ್ಕೆ ಕ್ಷೇತ್ರಕ್ಕೆ ಹೋಗುವುದೆಂದು ಅಮ್ಮ ನಿಶ್ಚಯಿಸಿದಳು. ಕಾಗದದ ಕೊನೆಯಲ್ಲಿ ಭಾವ ಒಂದು ಸಾಲು ಬರೆದಿದ್ದರು: ಮಗನ ಕೂದಲನ್ನು ತೆಗೆಸುವ ಮೊದಲು ಒಮ್ಮೆ ಬಿಚ್ಚಿ ನೋಡಬೇಕೆಂದು ಆಸೆ. ತಂಗಿ ಆ ಸಾಲನ್ನು ಎರಡು ಸಲ ಓದಿಸಿಕೊಂಡಳು.

ಅವರು ಬರಲು ಇನ್ನು ಮೂರು ದಿನವಿದೆ ಎನ್ನುವಾಗ ಅಮ್ಮ ಮತ್ತು ತಂಗಿ ಹಪ್ಪಳಕ್ಕೆಂದು ಹಲಸಿನಕಾಯಿ ಕೊರೆದರು. ಹಲಸು ಕೊರೆಯುವಾಗ ಒಸರುವ ಮೇಣವನ್ನು ಒಂದು ಕೋಲಿಗೆ ಸುತ್ತಿ ತೆಗೆಯುವುದು ನಮ್ಮ ಕಡೆಯ ಕ್ರಮ. ಆರು ಕಾಯಿಯ ಮೇಣ ಸುತ್ತಿದ ಕೋಲನ್ನು ಅಮ್ಮ ಗೋಡೆಗೆ ಒರಗಿಸಿ ಒಳಗೆ ಹೋದಳು. ನಾನು ಬೆಳ್ತಂಗಡಿಯ ಸಂತೆ ಮುಗಿಸಿ ಅಂಗಳಕ್ಕೆ ಕಾಲಿಡುವಾಗ ನನ್ನ ಅಳಿಯ ನಡುಜಗಲಿಯಲ್ಲಿ ನಿಂತು ಕನ್ನಡಿ ನೋಡುತ್ತಿದ್ದ. ಕೂದಲನ್ನೆಲ್ಲ ಸೇರಿಸಿ, ಸುತ್ತಿ, ತುರುಬು ಕಟ್ಟಿ, ಆ ತುರುಬಿಗೆ ಮೇಣದ ಕೋಲನ್ನು ಸಿಕ್ಕಿಸಿಕೊಂಡಿದ್ದ.

"ಎಂತ ಮಾಡಿದೆ ಮಗಾ?" ಎಂದೆ.

"ಮಾಮ ಹೆಂಗಸರಿಗೆ ತೋರಿಸುದು ಹೀಗೇ ಅಲ್ವಾ?" ಎಂದ, ಬಹಳ ಸಂತೋಷದಿಂದ.

ಹೀಗೇ. ಪರರ ಮನೆಯ ಹೆಂಗಸರ ತಲೆ ಮುಟ್ಟುವ ಹಾಗಿಲ್ಲವಾದ್ದರಿಂದ ನಾನು ಒಂದು ಚೌರಿಯನ್ನು ಎಡಗೈಯಲ್ಲಿ ತೂಗಿ ಹಿಡಿದು, ಬಲಗೈಯಿಂದ ಸುತ್ತಿ, ಕಡ್ಡಿ ಸಿಕ್ಕಿಸಿ, "ನೋಡಿ ಅಕ್ಕ, ಬಿರುಗಾಳಿಗೂ ಬಿಚ್ಚುವುದಿಲ್ಲ" ಎನ್ನುತ್ತಿದ್ದೆ. ಮನೆಯ ಜಗಲಿಯಲ್ಲಿ ಅದನ್ನು ಎಷ್ಟೋ ಸಲ ಅಭ್ಯಾಸ ಮಾಡಿದ್ದೆ. ಅವನು ನೋಡಿ ಕಲಿತಿದ್ದ. ನನ್ನ ಮಾತೂ ಸುಳ್ಳಾಗಲಿಲ್ಲ, ಬಿಚ್ಚಲಿಲ್ಲ.

ಅಮ್ಮ ಓಡಿ ಬಂದಳು. ನೋಡಿದವಳೇ, "ಎಣ್ಣೆ ತನ್ನಿ" ಎಂದಳು.

ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. "ಎಣ್ಣೆ ಬೇಡ, ಇನ್ನೂ ಅಂಟಾಗ್ತದೆ. ಬಿಸಿನೀರು ಕಾಯಿಸಿ, ಅಂಟುವಾಳ ತನ್ನಿ. ಕೂದಲಿನ ವಿಷಯ ನನಗೆ ಬಿಡಿ" ಎಂದೆ. ದುಡಿದು ತರುವವನ ಮಾತು, ಬಿಟ್ಟರು. ಕೋಲನ್ನು ಹೇಗೋ ಎಳೆದು ತೆಗೆದೆವು. ಬಚ್ಚಲಲ್ಲಿ ಕೂರಿಸಿ ಬಿಸಿನೀರು ಹೊಯ್ದು, ಅಂಟುವಾಳದ ನೊರೆಯಲ್ಲಿ ಗಸಗಸ ಉಜ್ಜಿದೆ. ಬಿಸಿಗೆ ಮೆತ್ತಗಾದ ಮೇಣ ಒಂದು ಕಡೆ ಇದ್ದದ್ದು ಹತ್ತು ಕಡೆಗೆ ಹರಡಿತು, ಉಜ್ಜಿದ ಕೂದಲು ಅದಕ್ಕೆ ಸುತ್ತಿಕೊಂಡಿತು, ಆರುತ್ತಿದ್ದ ಹಾಗೆ ಎಲ್ಲವೂ ಸೇರಿ ಗಟ್ಟಿಯಾಯಿತು. ಕುತ್ತಿಗೆಯ ಹಿಂದೆ ನನ್ನ ಮುಷ್ಟಿಯಷ್ಟು ದೊಡ್ಡ ಗಂಟು. ನನ್ನ ನಾಲ್ಕಾಣೆಯ ಬಾಚಣಿಗೆ ಹಾಕಿದೆ. ಮೂರು ಹಲ್ಲು ಮುರಿದು ಅದರೊಳಗೇ ಉಳಿದವು.

ಪಕ್ಕದ ಮನೆಯವರು ಬೇಲಿಯಾಚೆಯಿಂದ, "ಚಿಮಿಣಿ ಎಣ್ಣೆ ಹಾಕಿ" ಎಂದರು. ತಂಗಿ ಸಿಡಿದಳು. "ಮಗುವಿನ ತಲೆಗೆ ಚಿಮಿಣಿ ಎಣ್ಣೆಯಾ? ಕಣ್ಣಿಗೆ ಇಳಿದ್ರೆ? ದೀಪದ ಹತ್ತಿರ ಹೋದ್ರೆ?"

ನಾನು ಪೆಟ್ಟಿಗೆಯ ಕಡೆಗೆ ನೋಡಿದೆ. ಕತ್ತರಿಯ ಯೋಚನೆ ಬಂದದ್ದು ಹೌದು. ಅಮ್ಮ ನನ್ನ ಕಣ್ಣು ಹೋದ ದಿಕ್ಕನ್ನು ನೋಡಿದಳು.

"ಮಗಾ, ಅದನ್ನು ಮುಟ್ಟಿದ್ರೆ ನಾನು ಈ ಮನೆಯಲ್ಲಿ ಉಣ್ಣುದಿಲ್ಲ. ಹನ್ನೊಂದು ದಿನ ಈ ಮಗುವಿನ ಉಸಿರು ನೋಡಿಕೊಂಡು ಕೂತವಳು ನಾನು. ಕೊಡ್ತೇನೆ ಅಂದದ್ದನ್ನು ಅರ್ಧ ಕತ್ತರಿಸಿ ಕೊಡ್ಲಿಕ್ಕೆ ಅದು ನಿನ್ನ ಸಂತೆಯ ರಿಬ್ಬನ್ನಾ?"

ಅವಳ ಬಳಿ ಒಂದು ತೆಂಗಿನ ಗೆರಟೆ ಇತ್ತು. ಈ ನಾಲ್ಕು ವರ್ಷಗಳಲ್ಲಿ ಬಾಚುವಾಗ ಉದುರಿದ ಪ್ರತಿ ಕೂದಲನ್ನೂ ಅವಳು ಸುತ್ತಿ ಅದರಲ್ಲಿ ಇಟ್ಟಿದ್ದಳು. ಉದುರಿದ್ದೂ ದೇವರದ್ದೇ ಎಂಬ ಲೆಕ್ಕ. ಅಂಥವಳ ಎದುರು ಕತ್ತರಿಯ ಮಾತು ಆಡುವುದು ಹೇಗೆ?

ಆಗ ನನಗೆ ಶಿರ್ತಾಡಿಯ ಅಜ್ಜಿಯೊಬ್ಬಳ ನೆನಪಾಯಿತು. ಮೂಡಬಿದ್ರೆಯಿಂದ ಆಚೆ, ಬಸ್ಸಿನ ದಾರಿಯಲ್ಲೇ ಅವಳ ಮನೆ. ಐದು ಜನ ಮೊಮ್ಮಕ್ಕಳು, ಐದೂ ಹೆಣ್ಣು. ಒಂದು ಬೆಳಿಗ್ಗೆ ನಾನು ಅವಳ ಜಗಲಿಯಲ್ಲಿ ಪೆಟ್ಟಿಗೆ ಬಿಚ್ಚಿ ಕಾಯುತ್ತಿದ್ದಾಗ ಐದು ತಲೆಗಳನ್ನೂ ಬಾಚಿ ಮುಗಿಸಿದ್ದಳು. ಒಬ್ಬಳೂ ಕಿಟಾರನೆ ಕಿರುಚಿರಲಿಲ್ಲ. ಕೊನೆಗೆ ನನ್ನ ಪ್ಲಾಸ್ಟಿಕ್ಕಿನ ಬಾಚಣಿಗೆಯನ್ನು ಕೈಯಲ್ಲಿ ತಿರುಗಿಸಿ, "ಇದು ಬಾಚುದಲ್ಲ ಮಾರಾಯ, ಕೀಳುದು" ಎಂದು ವಾಪಸು ಕೊಟ್ಟಿದ್ದಳು. ಮೂರು ವರ್ಷಗಳಲ್ಲಿ ಅವಳು ನನ್ನಿಂದ ಕೊಂಡದ್ದು ಎರಡು ಮೊಳ ರಿಬ್ಬನ್ನು. ಅದನ್ನೂ ಅದೇ ಕ್ರಯಕ್ಕೆ ಮೂರು ಮೊಳ ಮಾಡಿಸಿಕೊಂಡಿದ್ದಳು.

ಮರುದಿನ ಮೊದಲ ಬಸ್ಸಿಗೇ ಹೋದೆ. ಅವಳು ಅಂಗಳದಲ್ಲಿ ಮೆಣಸು ಹರಡುತ್ತಿದ್ದಳು.

"ಎಂತ ಪೆಟ್ಟಿಗೆಯವ, ಮುಖ ಇಷ್ಟು ಸಣ್ಣ ಆಗಿದೆ?"

"ಇವತ್ತು ಮಾರ್ಲಿಕ್ಕೆ ಬಂದದ್ದಲ್ಲ ಅಜ್ಜಿ. ಕೇಳ್ಲಿಕ್ಕೆ ಬಂದದ್ದು."

"ಕೇಳುದಕ್ಕೂ ಕ್ರಯ ಉಂಟು."

"ಎಷ್ಟು?"

"ಮೊದಲು ಸರಕು ಎಂತದು ಅಂತ ನೋಡುವ. ಹೇಳು."

ಹೇಳಿದೆ. ಬಿಸಿನೀರಿನ ಮಾತು ಬಂದಾಗ ಅವಳು ಮೆಣಸಿನ ಮೇಲೆ ಆಡುತ್ತಿದ್ದ ಕೈ ನಿಲ್ಲಿಸಿದಳು.

"ಹಲಸು ಕೊರೆಯುವಾಗ ನಿಮ್ಮ ಮನೆಯಲ್ಲಿ ಕೈಗೆ ಎಂತ ಹಚ್ಚುದು? ಬಿಸಿನೀರಾ?"

"ಎಣ್ಣೆ."

"ಕತ್ತಿಗೆ?"

"ಎಣ್ಣೆಯೇ."

"ಮತ್ತೆ ಆ ಮಗುವಿನ ತಲೆ ಎಂತ ಪಾಪ ಮಾಡಿದೆ? ಮನೆಯಲ್ಲಿ ಹಿರಿಯರು ಯಾರೂ ಇಲ್ವಾ?"

"ಅಮ್ಮ ಎಣ್ಣೆ ಅಂದ್ರು. ನಾನು ಕೇಳ್ಲಿಲ್ಲ. ಬಾಚಣಿಗೆ ಮಾರುವವ ಅಲ್ವಾ ನಾನು..."

"ಅಕ್ಕಿ ಮಾರುವವ ಎಲ್ಲ ಅಡುಗೆ ಮಾಡ್ತಾನಾ ಮಾರಾಯ?"

ಒಳಗೆ ಹುಡುಗಿಯರು ಕಿಸಕ್ಕೆಂದು ನಕ್ಕರು. ಅಜ್ಜಿ ಮುಂದುವರಿಸಿದಳು. "ಎಣ್ಣೆ ಮೇಣ ಬಿಡಿಸ್ತದೆ, ಅದು ನಿನ್ನ ಅಮ್ಮನಿಗೂ ಗೊತ್ತುಂಟು, ಅದಕ್ಕೆ ಕ್ರಯ ಇಲ್ಲ. ಆದ್ರೆ ನೀನು ಉಜ್ಜಿ ಮಾಡಿದ ಗಂಟು ಎಣ್ಣೆಯಿಂದ ಮಾತ್ರ ಬಿಡುದಿಲ್ಲ. ಅದನ್ನು ಬಿಡಿಸುವ ಕ್ರಮ ಉಂಟು. ಅದಕ್ಕೆ ಕ್ರಯ." ಹೀಗೆ ಹೇಳಿ ಅವಳೇ ನನ್ನ ಪೆಟ್ಟಿಗೆ ತೆರೆದು ತಳದಿಂದ ಒಂದು ಕೊಂಬಿನ ಬಾಚಣಿಗೆಯನ್ನು ಎತ್ತಿದಳು. ಅದು ಎಲ್ಲಿದೆಯೆಂದು ಅವಳಿಗೆ ಒಂದು ವರ್ಷದಿಂದ ಗೊತ್ತಿತ್ತು.

"ಅಜ್ಜಿ, ಅದು ಮೂರು ರೂಪಾಯಿಯದ್ದು! ಪ್ಲಾಸ್ಟಿಕ್ಕಿನದ್ದು ಆರು ಕೊಡ್ತೇನೆ."

"ಆರನ್ನೂ ನಿನ್ನ ಅಳಿಯನ ತಲೆಗೇ ಹಾಕು."

"ರಿಬ್ಬನ್ನು ಹತ್ತು ಮೊಳ. ಕನ್ನಡಿ ಒಂದು."

"ಈ ಮುಖ ನೋಡ್ಲಿಕ್ಕೆ ಇನ್ನು ಕನ್ನಡಿ ಯಾಕೆ? ಬಸ್ಸು ಹನ್ನೊಂದಕ್ಕೆ ಉಂಟು. ನೋಡು."

ಚೌಕಾಸಿಯಲ್ಲಿ ಎದುರಿನವರಿಗೆ ನಮ್ಮ ಅಗತ್ಯ ಗೊತ್ತಾದ ಮೇಲೆ ಕ್ರಯ ಇಳಿಯುವುದಿಲ್ಲ. ಆಗ ಮಾಡುವ ಕೆಲಸ ಒಂದೇ, ಕೊಟ್ಟ ಕ್ರಯಕ್ಕೆ ಸರಕು ಹೆಚ್ಚು ಕೇಳುವುದು. "ಬಾಚಣಿಗೆ ನಿಮ್ಮದು. ಆದರೆ ಬಾಯಲ್ಲಿ ಹೇಳಿದ್ರೆ ಆಗುದಿಲ್ಲ. ಕೈಯಲ್ಲಿ ಮಾಡಿ ತೋರಿಸಬೇಕು" ಎಂದೆ. ಅವಳಿಗೆ ಆ ಮಾತು ಮೆಚ್ಚಿಗೆಯಾಯಿತು. ಆಗಷ್ಟೇ ಎದ್ದು ಬಂದ ಕಿರಿಯ ಮೊಮ್ಮಗಳನ್ನು ಕರೆದು ಮುಂದೆ ಕೂರಿಸಿಕೊಂಡಳು. ಅಜ್ಜಿಯ ಬೆರಳುಗಳು ಮಾಡಿದ್ದನ್ನೆಲ್ಲ ನಾನು ಚೌರಿಯೊಂದರ ಮೇಲೆ ಅಲ್ಲೇ ಮಾಡಿ ನೋಡಿದೆ. ಎರಡು ಸಲ ಕೈಗೆ ಪೆಟ್ಟು ಬಿತ್ತು. ಮೂರನೆಯ ಸಲ, "ಹಾಂ, ಇನ್ನು ಹೋಗು" ಎಂದಳು. ಹನ್ನೊಂದರ ಬಸ್ಸು ಹೋಗಿಯಾಗಿತ್ತು.

ಮನೆಗೆ ಮುಟ್ಟುವಾಗ ಸಂಜೆ. ನೀರಿನ ಪಸೆ ಪೂರ್ತಿ ಆರಿದೆಯೇ ಎಂದು ಮುಟ್ಟಿ ನೋಡಿದೆ. ಎಣ್ಣೆಯನ್ನು ಬೆಚ್ಚಗೆ ಮಾಡಿ, ಗಂಟಿನ ಮೇಲೆ ಸುರಿಯದೆ, ಬೆರಳ ತುದಿಯಲ್ಲಿ ಅದ್ದಿ ಅದ್ದಿ ಒಳಕ್ಕೆ ಇಳಿಸಿದೆ. ಬೆಂಕಿಯಲ್ಲಿ ಬಾಡಿಸಿದ ಬಾಳೆಲೆ ಸುತ್ತಿ, ಅದರ ಮೇಲೆ ಹಳೆಯ ಪಂಚೆ ಕಟ್ಟಿ ಮಲಗಿಸಿದೆವು. ಅಮ್ಮ ಎಣ್ಣೆಯ ಬಟ್ಟಲು ಕೊಡುವಾಗ ಒಂದು ಸಲ ನನ್ನನ್ನು ನೋಡಿದಳು, ಅಷ್ಟೆ. ಅದು ಸಾಕಾಯಿತು.

ಬೆಳಿಗ್ಗೆ ಜಗಲಿಯ ಬೆಳಕಿನಲ್ಲಿ ಕೂತೆವು. ನನ್ನ ಅಳಿಯ ಕೂರುವ ಮೊದಲೇ ತಿರುಗಿ ಕೇಳಿದ.

"ಒಂದು ಗಂಟಿಗೆ ಎಷ್ಟು ಗೋಲಿ?"

"ಯಾರು ಹೇಳಿದ್ದು ಗೋಲಿ ಉಂಟು ಅಂತ?"

"ಆ ಅಜ್ಜಿಗೆ ಬಾಚಣಿಗೆ ಕೊಟ್ಟಿದ್ದಿ ಅಲ್ವಾ. ತಲೆ ನನ್ನದು."

"ಎರಡು ಗಂಟಿಗೆ ಒಂದು."

"ಹಾಗಾದ್ರೆ ನಾನು ಬೊಬ್ಬೆ ಹಾಕ್ತೇನೆ."

ಒಂದಕ್ಕೆ ಒಂದು ಎಂದು ತೀರ್ಮಾನವಾಯಿತು. ಬೊಬ್ಬೆ ಹಾಕಿದರೆ ಒಂದು ವಾಪಸು. ಈ ಒಪ್ಪಂದಕ್ಕೆ ನಾನು ಇಂದಿಗೂ ಹೆಮ್ಮೆಪಡುತ್ತೇನೆ. ಅವನು ಅಲುಗಾಡದೆ ಕೂತ.

ಮೊದಲು ಸಿಕ್ಕಿಲ್ಲದ ಕೂದಲನ್ನೆಲ್ಲ ಬೇರೆ ಮಾಡಿ ಮೇಲಕ್ಕೆ ಕಟ್ಟಿದೆ. ಉಳಿದ ಗಂಟನ್ನು ಒಳಗಿನಿಂದಲ್ಲ, ಅಂಚಿನಿಂದ ಶುರು ಮಾಡಿದೆ. ಒಂದೊಂದೇ ಎಳೆ, ಬೆರಳಿನಿಂದಲೇ. ಬುಡದ ಹತ್ತಿರ ಎಡಗೈಯ ಬೆರಳುಗಳ ನಡುವೆ ಕೂದಲನ್ನು ಬಿಗಿಯಾಗಿ ಹಿಡಿದಿದ್ದೆ, ಎಳೆತವೆಲ್ಲ ನನ್ನ ಕೈಗೆ, ಅವನ ತಲೆಗೆ ಮುಟ್ಟುವುದಿಲ್ಲ. ಮೇಣ ಎಣ್ಣೆ ಕುಡಿದು ಸಾಸಿವೆಯಂತೆ ಉದುರತೊಡಗಿತು. ಮುರಿದ ಮೂರು ಹಲ್ಲುಗಳೂ ಒಂದೊಂದಾಗಿ ಹೊರಬಂದವು. ತಂಗಿ ಅವನ್ನು ನನ್ನ ಎದುರಿಗೇ ಸಾಲಾಗಿ ಇಟ್ಟಳು. ಉಳಿದಿದ್ದ ಇನ್ನೊಂದು ಕೊಂಬಿನ ಬಾಚಣಿಗೆ ಕೈಗೆ ತೆಗೆದುಕೊಂಡದ್ದು ಮಧ್ಯಾಹ್ನ ಊಟವಾದ ಮೇಲೆ. ಅದೂ ತುದಿಯಿಂದ. ತುದಿಯ ನಾಲ್ಕು ಬೆರಳು ಬಿಡಿಸಿ, ಅದರ ಮೇಲಿನ ನಾಲ್ಕು ಬೆರಳು, ಹೀಗೆ ಹತ್ತುತ್ತಾ ಹತ್ತುತ್ತಾ ನೆತ್ತಿಗೆ. ನೆತ್ತಿಯಿಂದ ತುದಿಯವರೆಗೆ ಬಾಚಣಿಗೆ ಒಮ್ಮೆ ಎಲ್ಲೂ ನಿಲ್ಲದೆ ಇಳಿದಾಗ ಅವನ ಮಡಿಲಲ್ಲಿ ಮೂವತ್ತೆಂಟು ಗೋಲಿ ಇದ್ದವು. ಹೆಸರುಹಿಟ್ಟಿನಿಂದ ಎಣ್ಣೆ ತೆಗೆದು, ದಾಸವಾಳದ ಸೊಪ್ಪಿನ ಲೋಳೆ ಹಚ್ಚಿ ಮೀಯಿಸಿದವಳು ಅಮ್ಮ. ಬಚ್ಚಲಿಗೆ ನನ್ನನ್ನು ಬಿಡಲಿಲ್ಲ. ಕೈಗೆ ಬಂದಿದ್ದ ಎಳೆಗಳೆಲ್ಲ ಗೆರಟೆಗೆ ಸೇರಿದವು.

ಮರುದಿನ ಭಾವ ಬಂದರು. ಟ್ರಂಕು ಇಳಿಸಿ, ಕಾಲು ತೊಳೆದು, ಮಗನನ್ನು ಹತ್ತಿರ ಕರೆದು ಜಡೆ ಬಿಚ್ಚಿದರು. ಕೂದಲು ಅವರ ಮೊಣಕಾಲಿನ ಮೇಲೆ ಹರಡಿತು. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಸೋಡಾಪುಡಿಯಿಂದ ಒಡೆದ ಬೆರಳುಗಳು ಅವರವು. ಅವು ಕೂದಲಿಗೆ ತಾಗಿ ಗೀರಿಯಾವು ಎಂದು ಅಂಗೈಯನ್ನು ಮಗುಚಿ, ಕೈಯ ಹಿಂಬದಿಯಿಂದ ಮುಟ್ಟಿ ನೋಡಿದರು. "ಚೆನ್ನಾಗಿ ಇಟ್ಟಿದ್ದೀರಿ" ಎಂದರು. ಯಾರೂ ಹಲಸಿನ ಸುದ್ದಿ ಎತ್ತಲಿಲ್ಲ. ಅಳಿಯ ಬಾಯಿ ತೆರೆದ, ನಾನು ಒಂದು ಗೋಲಿ ತೋರಿಸಿದೆ, ಮುಚ್ಚಿದ. ಖರ್ಚಿನ ಪಟ್ಟಿಯಲ್ಲಿ ಅದನ್ನು ನಾನು ಸೇರಿಸಿಲ್ಲ.

ಕ್ಷೇತ್ರದಲ್ಲಿ ಕ್ಷೌರಿಕನು ನೆತ್ತಿಗೆ ನೀರು ತಟ್ಟುತ್ತಾ, "ಹರಕೆಯ ತಲೆ ಅಂದ್ರೆ ಸಾಧಾರಣವಾಗಿ ಹಗ್ಗದ ಹಾಗೆ ಬರ್ತದೆ. ಇದನ್ನು ಬಾಚಿದ್ದು ಯಾರು?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲು ಅಮ್ಮ, "ಮಗುವಿನ ಮಾವ" ಎಂದಳು. ತಂದೆ ತಾಯಿ ಎರಡು ಪಕ್ಕದಲ್ಲಿ ಕೂತಿದ್ದರು. ಮುಡಿ ಬಾಳೆಲೆಯ ಮೇಲೆ ಬಂತು, ಇಡಿಯಾಗಿ. ಅಮ್ಮ ಗೆರಟೆಯಲ್ಲಿದ್ದದ್ದನ್ನೂ ಅದರ ಮೇಲೆ ಇಟ್ಟು ಕೈಮುಗಿದಳು. ಹುಡುಗ ಬೋಳು ತಲೆಯನ್ನು ಎರಡೂ ಕೈಯಿಂದ ಸವರಿ ನನ್ನ ಕಡೆ ತಿರುಗಿದ.

"ಮಾಮ, ಇನ್ನು ಗೋಲಿ ಸಿಗುದಿಲ್ವಾ?"

ಆಮೇಲೆ ನಾನು ಮಕ್ಕಳಿರುವ ಮನೆಗೆ ಸಣ್ಣ ಹಲ್ಲಿನ ಪ್ಲಾಸ್ಟಿಕ್ ಬಾಚಣಿಗೆ ಮಾರಲಿಲ್ಲ. ಉಳಿದ ಸರಕನ್ನು ವಿಟ್ಲದ ಅಂಗಡಿಯೊಂದಕ್ಕೆ ಒಟ್ಟಿಗೆ ಕೊಟ್ಟೆ, ಗಂಡಸರ ಜೇಬಿಗೆ ಅಡ್ಡಿಯಿಲ್ಲ ಎಂದು ಹೇಳಿಯೇ ಕೊಟ್ಟೆ. ಕೊಂಬಿನದು ಮತ್ತು ಅಗಲ ಹಲ್ಲಿನ ಮರದ್ದು ತರಿಸಿದೆ. ಕೊಳ್ಳುವವರಿಗೆ ಬಿಡಿಸುವ ಕ್ರಮವನ್ನು ಚೌರಿಯ ಮೇಲೆ ತೋರಿಸಿಕೊಟ್ಟೆ. ಮೂರು ರೂಪಾಯಿ ಆರು ತಿಂಗಳಲ್ಲಿ ತಿರುಗಿ ಬಂತು. ಶಿರ್ತಾಡಿಯ ಅಜ್ಜಿ ಮಾತ್ರ ಮತ್ತೆ ಏನನ್ನೂ ಕೊಳ್ಳಲಿಲ್ಲ.

ಈಗ ನಿಮಗೆ, ಕ್ರಯವಿಲ್ಲದೆ ಹೇಳುತ್ತೇನೆ. ಮಗುವಿನ ಕೂದಲು ಉದ್ದವಿದ್ದರೆ ರಾತ್ರಿ ಬಿಚ್ಚಿ ಮಲಗಿಸಬೇಡಿ. ಸಡಿಲವಾಗಿ ಒಂದು ಜಡೆ ಹಾಕಿ, ಬೆಳಗಿನ ಅರ್ಧ ಸಿಕ್ಕು ಬೀಳುವುದೇ ಇಲ್ಲ. ಮೀಯಿಸುವ ಮೊದಲು ಬಿಡಿಸಿ. ಸಿಕ್ಕು ಇರುವ ತಲೆಗೆ ನೀರು ಹೊಯ್ದು ಉಜ್ಜಿದರೆ ಅದು ಹಗ್ಗವಾಗುತ್ತದೆ, ನಾನು ಮಾಡಿ ನೋಡಿದ್ದೇನೆ. ತಲೆ ಒರೆಸುವಾಗಲೂ ಬಟ್ಟೆಯಲ್ಲಿ ಒತ್ತಿ, ತಿಕ್ಕಬೇಡಿ. ಬಾಚುವುದು ಯಾವತ್ತೂ ತುದಿಯಿಂದ, ಬುಡವನ್ನು ಕೈಯಲ್ಲಿ ಹಿಡಿದು. ಅಂಟು ಏನೇ ಹಿಡಿಯಲಿ, ಮೊದಲು ಎಣ್ಣೆ, ಆಮೇಲೆ ತಾಳ್ಮೆ, ನೀರು ಕೊನೆಗೆ. ಮಗುವಿನ ಕೈಗೆ ಏನಾದರೂ ಕೆಲಸ ಕೊಟ್ಟು ಕೂರಿಸಿ, ಕೊಡುವುದೇನೆಂದು ಮೊದಲೇ ಮಾತಾಡಿಕೊಳ್ಳಿ, ನಡುವೆ ಮಾತಾಡಿದರೆ ದುಬಾರಿಯಾಗುತ್ತದೆ. ಮನೆಯ ಹಿರಿಯ ಹೆಂಗಸರು ಎಣ್ಣೆ ತನ್ನಿ ಎಂದರೆ ಎಣ್ಣೆ ತನ್ನಿ.

ಬಾಚಣಿಗೆ ಕೊಳ್ಳುವಾಗ ಬಣ್ಣ ನೋಡಬೇಡಿ. ಅದರ ಹಲ್ಲುಗಳನ್ನು ನಿಮ್ಮ ಕೆಳತುಟಿಯ ಮೇಲೆ ಮೆಲ್ಲಗೆ ಎಳೆದು ನೋಡಿ. ಎಲ್ಲಿಯಾದರೂ ಗೀರಿದರೆ ಅಲ್ಲೇ ವಾಪಸು ಕೊಡಿ, ಮಾರುವವನು ಎಷ್ಟೇ ಚೆನ್ನಾಗಿ ಮಾತಾಡಲಿ.